ಅರಸೀಕೆರೆಯ ಕಲ್ಲುದಿಣ್ಣೆಯಲ್ಲಿ ಗುಗ್ಗುಳ ಅಂಟು ಬಿಟ್ಟಿತು

ಹೋದ ಬೇಸಿಗೆಯಲ್ಲಿ, ಧೂಪಕ್ಕೂ ಔಷಧಿಗೂ ಅಂಟು ಕೊಡುವ ನನ್ನ ಗುಗ್ಗುಳದ ಗಿಡಗಳಿಂದ ಹತ್ತಿರಹತ್ತಿರ 6 ಕೆಜಿ ಅಂಟು ಸಿಕ್ಕಿತು. "ಕಚ್ಛ್, ರಾಜಸ್ಥಾನದ ಗಿಡ ನಮ್ಮ ಅರಸೀಕೆರೇಲಿ ಎಲ್ಲಿ ಬತ್ತದೆ ಕಣಯ್ಯ" ಅಂದವರೇ ಈಗ ನೆಡಲು ಕಡ್ಡಿ ಕೇಳಿಕೊಂಡು ಬರುತ್ತಿದ್ದಾರೆ.

ಮೊದಲು ನಷ್ಟದ ಲೆಕ್ಕ. ನರ್ಸರಿಯೊಂದರಿಂದ ತರಿಸಿದ ಸಸಿಗಳಲ್ಲಿ ಮುಕ್ಕಾಲು ಪಾಲು ಹಸ್ತ, ಚಿತ್ತೆ ಮಳೆಗೆ ಬೇರು ಕೊಳೆತು ಹೋದವು. ಸಾಗಣೆ, ಆಳಿನ ಕೂಲಿ ಸೇರಿ 20 ಸಾವಿರದಷ್ಟು ಮಣ್ಣುಪಾಲು. ಉಳಿದವೆಲ್ಲ ದಿಣ್ಣೆಯ ಮೇಲಿನವು. ಮಳೆ ಎಷ್ಟಾದರೂ ಬರಲಿ, ಬುಡದಲ್ಲಿ ನೀರು ನಿಲ್ಲಬಾರದು, ಅಷ್ಟೇ. ಆಮೇಲೆ ತೆಂಗು ಕೂಡ ಏಳದ ಕಲ್ಲುನೆಲದಲ್ಲಿ ಏರುಮಡಿ ಮಾಡಿ, ಬಲಿತ ಕಡ್ಡಿಯನ್ನು ಗೇಣುದ್ದ ಕತ್ತರಿಸಿ ಮೃಗಶಿರಾ ಮಳೆಗೆ ಊರಿದೆ. ಊರುವ ಮೊದಲು ಎಷ್ಟು ಒಣಗಿಸುತ್ತೇನೆ, ಬುಡಕ್ಕೆ ಏನು ಬಳಿಯುತ್ತೇನೆ ಎನ್ನುವುದು ನನ್ನಲ್ಲೇ ಇರಲಿ. ನೂರಕ್ಕೆ 70ರ ಮೇಲೆ ಚಿಗುರುತ್ತಿವೆ.

ಏಳೆಂಟು ವರ್ಷ ಕಾದೆ. ಚಳಿಗಾಲ ಮುಗಿಯುವ ಹೊತ್ತಿಗೆ ತೊಗಟೆಗಷ್ಟೇ ಓರೆಯಾಗಿ ಗೀರುತ್ತೇನೆ. ಗಿಡಕ್ಕೆ 200 ಗ್ರಾಂ ಆಸುಪಾಸು. ಎಥೆಫಾನ್ ಅನ್ನುವ, ಅಂಟು ಹೆಚ್ಚಿಸುವ ರಾಸಾಯನಿಕ ಹಾಕಿದರೆ ದುಪ್ಪಟ್ಟಿಗೂ ಹೆಚ್ಚು ಬರುತ್ತದೆ ಎಂದು ವ್ಯಾಪಾರಿಯೊಬ್ಬ ಆಸೆ ತೋರಿಸಿದ. ಬರುವುದು ನಿಜ, ಗಿಡ ಸಾಯುವುದೂ ನಿಜ. ಕಾಡಿನಲ್ಲಿ ಹೀಗೆ ಹಿಂಡಿ ಹಿಂಡಿಯೇ ಗುಗ್ಗುಳ ಇವತ್ತು ಅಳಿವಿನಂಚಿನ ಜೀವಿಗಳ ಲೆಕ್ಕವಿಡುವ ಅಂತರರಾಷ್ಟ್ರೀಯ ಸಂಸ್ಥೆ ಐಯುಸಿಎನ್‌ನ ಕೆಂಪುಪಟ್ಟಿಯಲ್ಲಿ ಅತಿ ಅಪಾಯದ ಸಾಲಿಗೆ ಬಿದ್ದಿದೆ. ನನ್ನ ಗೀರಿದ ಗಿಡ ಒಂದೂ ಸತ್ತಿಲ್ಲ.

ನಮ್ಮ ಆಯುರ್ವೇದ ಪಂಡಿತರು ಅಂಟನ್ನು ಬಿಸಿಲಿಗಿಟ್ಟು ಮೆತ್ತಗಾಗುವುದನ್ನು ನೋಡಿದರು, ಬಿಸಿನೀರಿಗೆ ಹಾಕಿ ಹಾಲಿನ ಬಣ್ಣಕ್ಕೆ ತಿರುಗುವುದನ್ನು ನೋಡಿದರು, ಆಮೇಲೆ ಕೆಜಿಗೆ ಸಾವಿರದ ಮೇಲೆ ಕೊಟ್ಟು ಒಯ್ದರು. ತ್ರಿಫಲಾ ಕಷಾಯದಲ್ಲಿ ಬಟ್ಟೆಗಂಟು ಇಳಿಬಿಟ್ಟು ಶೋಧಿಸುವುದನ್ನು ಮನೆಯಲ್ಲಿ ನಾನೂ ಮಾಡಿ ನೋಡಿದೆ. ಕಸಕಡ್ಡಿ, ಮರಳು ಹೋಗಿ ಮೂರರಲ್ಲಿ ಎರಡು ಪಾಲು ಉಳಿಯಿತು, ಸೌದೆ ಖರ್ಚು ನೋಡಿದರೆ ಹಸಿಯಾಗಿ ಮಾರುವುದೇ ವಾಸಿ. ಹೊಸ ಗುಗ್ಗುಳ ಮೈ ತುಂಬಿಸುತ್ತದೆ, ಹಳೆಯದು ಬೊಜ್ಜು ಇಳಿಸುತ್ತದೆ ಎನ್ನುವುದು ಆಯುರ್ವೇದದ ಮಾತು. ಅದಕ್ಕೇ ಅರ್ಧ ಕೆಜಿ ಡಬ್ಬಿಯಲ್ಲಿ ಹಳತಾಗಲು ಬಿಟ್ಟಿದ್ದೇನೆ.

ಕೊಲೆಸ್ಟ್ರಾಲಿಗೆ ಎಂದು ಕೇಳಿ ಬಂದವರಿಗೆ ನಾನು ಕೊಡುವುದಿಲ್ಲ. 2003ರಲ್ಲಿ ಪ್ರಕಟವಾದ ಅಮೆರಿಕದ ಪರೀಕ್ಷೆಯಲ್ಲಿ ಗುಗ್ಗುಳ ತೆಗೆದುಕೊಂಡವರ ಕೆಟ್ಟ ಕೊಲೆಸ್ಟ್ರಾಲ್ ಇಳಿಯುವ ಬದಲು ಸ್ವಲ್ಪ ಏರಿತ್ತು. ಕೀಲುನೋವಿಗೆ ಈ ಅಂಟು ಸೇರಿಸಿ ಮಾಡುವ ಯೋಗರಾಜ ಗುಗ್ಗುಳು ಔಷಧಿ ಬೇಕೆನ್ನುವವರನ್ನೂ ಪಂಡಿತರ ಹತ್ತಿರವೇ ಕಳಿಸುತ್ತೇನೆ. ವೀರಭದ್ರನ ಸೇವೆಗೆ ಧೂಪ ಕೇಳಿದರೆ ಮಾತ್ರ ದುಡ್ಡು ಮುಟ್ಟುವುದಿಲ್ಲ.

ಈ ಸಲ ಅಂಟಿಗಿಂತ ಕಡ್ಡಿಯಲ್ಲೇ ಹೆಚ್ಚು ಕಾಸು ಕಾಣುತ್ತಿದೆ. ಬೇರು ಬಿಟ್ಟಿದ್ದಕ್ಕೆ 40 ರೂಪಾಯಿ, ದಿಣ್ಣೆ ಇಲ್ಲದವರಿಗೆ ಕೊಡುವುದಿಲ್ಲ.