ಕಬ್ಬು ಕಚ್ಚಿದಾಗ ರಕ್ತ ಕಂಡರೆ

ಹೋದ ಸಂಕ್ರಾಂತಿಗೆ ಕಬ್ಬು ಸಿಗಿದು ಕಚ್ಚಿದೆ. ಬಿಳಿ ತಿರುಳಿನ ಮೇಲೆ ಕೆಂಪು ಗೆರೆ! ಮಂಡ್ಯದಲ್ಲಿ ಹುಟ್ಟಿ ಬೆಲ್ಲದ ವ್ಯಾಪಾರ ಮಾಡುವವನಿಗೆ ಇದು ಅವಮಾನ ಅಲ್ವಾ? ಸಿಪ್ಪೆ ಚುಚ್ಚಿರಬೇಕು ಅಂತ ಸುಮ್ಮನಾದೆ. ಅಲ್ಲೇ ತಪ್ಪಿದ್ದು. ಪದೇ ಪದೇ ರಕ್ತ ಬಂದರೆ ವಸಡು ಕೆಟ್ಟಿದೆ ಅಂತಲೇ ಅಂದುಕೊಳ್ಳಿ.

ಮೊದಲು ಬೆಳಕಿಗೆ ನಿಂತು, ಕನ್ನಡಿ ಹಿಡಿದು, ತುಟಿ ಎತ್ತಿ ನೋಡಿ. ವಸಡು ಊದಿ ಹೊಳೆಯುತ್ತಿದೆಯಾ? ಯಾವುದಾದರೂ ಹಲ್ಲು ಪಕ್ಕದ್ದಕ್ಕಿಂತ ಉದ್ದ ಕಾಣುತ್ತಿದೆಯಾ? ನಮ್ಮಲ್ಲಿ ಹಲವರ ವಸಡು ಹುಟ್ಟಿನಿಂದಲೇ ಕಪ್ಪು, ಅದು ರೋಗವಲ್ಲ. ಆಮೇಲೆ ಕೆಳಗಿನ ಮುಂದಿನ ಹಲ್ಲುಗಳ ಒಳಗಡೆ ನಾಲಿಗೆ ಆಡಿಸಿ. ಒರಟಾಗಿ ಸಿಕ್ಕಿದರೆ ಅದು ಕಲ್ಲಾದ ಪಾಚಿ. ಜೊಲ್ಲು ಊರುವ ಜಾಗ ಅದು, ಅದಕ್ಕೇ ಅಲ್ಲಿ ಜಾಸ್ತಿ. ಮೆತ್ತಗಿರುವಾಗ ಬ್ರಷ್‌ಗೆ ಹೋಗುತ್ತದೆ, ಗಟ್ಟಿಯಾದ ಮೇಲೆ ಡಾಕ್ಟರೇ ಕೀಳಬೇಕು.

ವಸಡು ಇಳಿಯುವುದು ಒಂದೇ ಕಾರಣಕ್ಕಲ್ಲ. ನನಗೆ ಎರಡು ಇದ್ದವು. ಒಂದು, ಜೋರಾಗಿ ಹಲ್ಲುಜ್ಜುವ ನನ್ನ ಕೈ. "ಏನ್ರೀ, ಬಾಣಲೆ ಉಜ್ತಿದ್ದೀರಾ?" ಅಂತ ನಮ್ಮನೆಯವಳು ಎಷ್ಟೋ ಸಲ ರೇಗಿದ್ದಳು. ನಾನು ಬಲಗೈಯವನು, ಎಡಗಡೆ ಕೋರೆಹಲ್ಲಿನ ಬುಡ ಬರಿದಾಗಿತ್ತು. ಅಲ್ಲಿ ಊತವಿಲ್ಲ, ರಕ್ತವಿಲ್ಲ, ತಣ್ಣೀರು ತಾಗಿದರೆ ಜುಂ ಅನ್ನುತ್ತದೆ, ಅಷ್ಟೆ. ಇನ್ನೊಂದು ಎಡ ದವಡೆಹಲ್ಲು. ಅಲ್ಲಿ ಪಾಚಿ ಕೂತು, ಒಳಗಿನ ಮೂಳೆಯೇ ಕರಗುತ್ತಿತ್ತು. ಇದು ಕನ್ನಡಿಗೆ ಕಾಣುವುದಿಲ್ಲ.

ಅಳೆದೇ ನೋಡಬೇಕು. ಡಾಕ್ಟರು ಮಿಲಿಮೀಟರ್ ಗೆರೆಗಳಿರುವ ತೆಳು ಕಡ್ಡಿಯನ್ನು ಹಲ್ಲಿಗೂ ವಸಡಿಗೂ ನಡುವೆ ಇಳಿಸುತ್ತಾರೆ, ಒಂದೊಂದು ಹಲ್ಲಿಗೆ 6 ಕಡೆ. "3, 2, 3..." ಅಂತ ಹೇಳುತ್ತಾ ಹೋದರು, ಪಕ್ಕದ ಹುಡುಗಿ ಬರೆದುಕೊಂಡಳು. ಮಂಡಿಯಲ್ಲಿ ತೂಕ ಕೂಗಿದಂತಿತ್ತು. ಕಡ್ಡಿ ಇಳಿದ ಆಳ 3 ಮಿಲಿಮೀಟರ್‌ವರೆಗೆ ಇದ್ದರೆ ಭಯವಿಲ್ಲ. ದವಡೆಗೆ ಬಂದಾಗ "6" ಅಂದರು. ಎಕ್ಸ್‌ರೇಯಲ್ಲಿ ಮೂಳೆ ತಗ್ಗಿದ್ದು ಕಂಡಿತು. ಕಡ್ಡಿ ಹಾಕದೆ ಬರೀ ಟಾರ್ಚ್ ಬಿಟ್ಟು ಕಳಿಸಿದರೆ, ಅಳತೆ ಎಷ್ಟು ಅಂತ ನೀವೇ ಕೇಳಿ.

ಸಕ್ಕರೆ ಕಾಯಿಲೆ ಇದ್ದರೆ ಮುಚ್ಚಿಡಬೇಡಿ. ಶುಗರ್ ಹತೋಟಿಯಲ್ಲಿಲ್ಲದಿದ್ದರೆ ವಸಡು ಬೇಗ ಹಾಳಾಗುತ್ತದೆ. ಬಿಪಿಯ ಆಮ್ಲೋಡಿಪಿನ್ ಕೆಲವರಿಗೆ ವಸಡು ಊದಿಸುತ್ತದೆ. ಹೇಳಿ, ಆದರೆ ನೀವಾಗಿಯೇ ಮಾತ್ರೆ ನಿಲ್ಲಿಸಬೇಡಿ. ಬೀಡಿ ಸೇದುವವರಿಗೆ ರೋಗವಿದ್ದರೂ ರಕ್ತ ಕಡಿಮೆ, ಅದೇ ಮೋಸ. ನಮ್ಮವ್ವನಿಗೆ ಕಡ್ಡಿಪುಡಿ ಒತ್ತಿಟ್ಟುಕೊಳ್ಳುವ ಜಾಗದಲ್ಲೇ ವಸಡು ಇಳಿದಿತ್ತು.

ಕ್ಲೀನ್ ಮಾಡಿಸಿದರೆ ಹಲ್ಲು ಸಡಿಲವಾಗುತ್ತವೆ ಅಂತ ಅವ್ವ ಹೆದರಿಸಿದ್ದಳು. ಸಂದು ಬಿದ್ದಂತೆ ಕಂಡಿದ್ದು ನಿಜ. ಅಲ್ಲಿ ತುಂಬಿದ್ದ ಕಲ್ಲು ಹೋಗಿತ್ತು, ಅಷ್ಟೆ. ಮೂರು ತಿಂಗಳ ಮೇಲೆ ಮತ್ತೆ ಅಳೆದರು. 6 ಇದ್ದದ್ದು 4 ಆಗಿತ್ತು. ಇಳಿದ ವಸಡು ಮಾತ್ರ ಮೇಲೆ ಬಂದಿಲ್ಲ. ಕಬ್ಬನ್ನು ಈಗ ಬಲಗಡೆಯಿಂದಲೇ ಸಿಗಿಯುತ್ತೇನೆ.