ಮಳೆಗಾಲದಲ್ಲೇ ಮನೆ ನೋಡಬೇಕು

ಕೊಡಗಿನಲ್ಲಿ ಮನೆ ಭೇಟಿಗೆ ಹೊರಡುವ ಮೊದಲು ಫೋನಿನಲ್ಲಿ ಎರಡು ವಿಷಯ ಕೇಳುತ್ತೇನೆ. ಗಾಡಿ ಅಂಗಳದವರೆಗೆ ಬರುತ್ತದಾ? ನಾಯಿ ಕಟ್ಟಿರುತ್ತೀರಾ? ಎರಡನೆಯದು ತಮಾಷೆಯಲ್ಲ, ತೋಟದ ನಾಯಿಗಳು ಹೊಸಬರನ್ನು ಸುಮ್ನೆ ಬಿಡುವುದಿಲ್ಲ. ಮೊದಲನೆಯದಕ್ಕೆ "ಜೀಪ್ ಮಾತ್ರ ಬರುತ್ತೆ ಮೇಡಂ" ಅಂದರೆ, ಆ ಮನೆಯವರು ಮಡಿಕೇರಿಗೆ ತಪಾಸಣೆಗೆ ಬರುವುದನ್ನು ಯಾಕೆ ನಿಲ್ಲಿಸಿದರು ಅಂತ ಆಗಲೇ ಅರ್ಥವಾಗುತ್ತದೆ. ಜೀಪ್ ಹತ್ತಿ ಇಳಿಯುವುದನ್ನೂ ಅಭ್ಯಾಸಕ್ಕೆ ಸೇರಿಸಿಕೊಳ್ಳುತ್ತೇನೆ.

ನಾನು ಆಕ್ಯುಪೇಷನಲ್ ಥೆರಪಿಸ್ಟ್. ಎಲ್ಲರೂ 'ಫಿಸಿಯೋ ಮೇಡಂ' ಅನ್ನುತ್ತಾರೆ, ತಿದ್ದಲು ಹೋಗುವುದಿಲ್ಲ. ಸ್ನಾನ, ಊಟ, ಬಟ್ಟೆ ಹಾಕಿಕೊಳ್ಳುವುದು, ಮನಸ್ಸಿಗೆ ಬೇಕಾದ ಒಂದೆರಡು ಕೆಲಸ, ಇಷ್ಟು ಅವರಿಂದ ಆಗುತ್ತದಾ, ಆಗದಿದ್ದರೆ ಅಡ್ಡಿ ಮೈಯಲ್ಲಿದೆಯಾ ಮನೆಯಲ್ಲಿದೆಯಾ ಅಂತ ನೋಡುವುದು ನನ್ನ ಕೆಲಸ.

ಬೇಸಿಗೆಯಲ್ಲಿ ನೋಡಿದ ಮನೆ ಜುಲೈನಲ್ಲಿ ಬೇರೆಯೇ ಮನೆ. ಅಂಗಳದ ಕಲ್ಲಿಗೆ ಪಾಚಿ ಹಿಡಿದಿರುತ್ತದೆ. ರೆಡ್ ಆಕ್ಸೈಡ್ ನೆಲ ಬೆವರುತ್ತದೆ. ಒಣಗದ ಬಟ್ಟೆಗಳು ಒಳಗೆ ಹಗ್ಗದಲ್ಲಿ ನೇತಾಡಿ, ವಾಕರ್ ಹಿಡಿದವರ ಮುಖಕ್ಕೇ ಬಡಿಯುತ್ತವೆ. ಬಾಗಿಲು ಬಾಗಿಲಿಗೂ ಕಾಲೊರೆಸಲು ಗೋಣಿಚೀಲ. ಕಾಲು ಎಳೆದು ನಡೆಯುವವರು ಎಡವುವುದು ಹೆಚ್ಚಾಗಿ ಅದಕ್ಕೇ. "ತೆಗೆದುಬಿಡಿ" ಅಂದರೆ ಯಾರೂ ತೆಗೆಯುವುದಿಲ್ಲ, ಕೆಸರು ಒಳಗೆ ಬರುತ್ತದಲ್ವಾ? ಜಾರದ ರಬ್ಬರ್ ಮ್ಯಾಟ್ ಹಾಕಿಸಿ, ಪಕ್ಕದಲ್ಲೇ ಹಿಡಿಯಲು ಏನಾದರೂ ಇರುವಂತೆ ನೋಡಿಕೊಳ್ಳುತ್ತೇನೆ. ಅದಕ್ಕೇ ಮೊದಲ ಭೇಟಿ ಚಳಿಗಾಲದಲ್ಲಿ ಆಗಿದ್ದರೂ ಮಳೆ ಹಿಡಿದ ಮೇಲೆ ಇನ್ನೊಮ್ಮೆ ಹೋಗುತ್ತೇನೆ.

ಒಂದು ಐನ್‌ಮನೆಯ, ಅಂದರೆ ಕೊಡವ ಕುಟುಂಬದ ಮೂಲಮನೆಯ ಅಜ್ಜನಿಗೆ ಸ್ಟ್ರೋಕ್ ಆಗಿ ಬಲಭಾಗ ಸೋತಿತ್ತು. ಏನು ಕೇಳಿದರೂ ಸೊಸೆಯೇ ಉತ್ತರ ಕೊಡುತ್ತಿದ್ದರು. ಅಜ್ಜ ಮಾತ್ರ "ಎಲ್ಲ ಮಾಡ್ತೇನೆ" ಅಂದರು. ಅಳತೆ ಟೇಪು ಹೊರತೆಗೆಯದೆ, "ಅಜ್ಜ, ಕಾಫಿ ಎಲ್ಲಿ ಕುಡಿಯೋಣ?" ಅಂದೆ. ಅವರು ಕೈಯಾಲೆ ಕಡೆ, ಅಂದರೆ ಮುಂದಿನ ಜಗಲಿ ಕಡೆ ನೋಡಿದರು. ಮಂಚದಿಂದ ಅಲ್ಲಿಗೆ ಹೋಗುವಷ್ಟರಲ್ಲಿ ನನಗೆ ಬೇಕಾದ್ದೆಲ್ಲ ಕಂಡಿತು. ಮಂಚ ತಗ್ಗು, ಹೊಸ್ತಿಲು ಎತ್ತರ. ಹೊಸ್ತಿಲ ಬಳಿ ಎಡಗೈ ಗೋಡೆ ಹುಡುಕುತ್ತಿತ್ತು. ಜಗಲಿ ಕಂಬಗಳ ನಡುವಿನ ಮರದ ಹಲಗೆ, ಐಮರದ ಮೇಲೆ ಕೂತರೆ ಏಳಲು ಆಗುತ್ತಿರಲಿಲ್ಲ. ಸಂಜೆ ಮನೆಯ ನಡುವಿನ ಹಜಾರ, ನೆಲ್ಲಕ್ಕಿ ನಡುಬಾಡೆಯಲ್ಲಿ ದೀಪ ಹಚ್ಚಬೇಕು ಅನ್ನುವ ಆಸೆ ಹೊರಬಂದದ್ದೂ ಕಾಫಿ ಕುಡಿಯುವಾಗಲೇ. ಎಡಗೈಯಲ್ಲಿ ಕಡ್ಡಿ ಗೀರುವುದು ಕಷ್ಟ, ಲೈಟರ್ ಸಾಕು. ಮಂಚದ ಕಾಲಿಗೆ ಮರದ ಗಟ್ಟಿ ಕೊಟ್ಟು, ಕೂತಾಗ ಪಾದ ಪೂರ್ತಿ ನೆಲಕ್ಕೆ ತಾಗಿ ಮಂಡಿ ಸೊಂಟಕ್ಕಿಂತ ಸ್ವಲ್ಪ ಕೆಳಗಿರುವಷ್ಟು ಎತ್ತರಿಸಿದೆವು.

ಬಚ್ಚಲುಮನೆ ಹೊರಗಿತ್ತು. ದಿನದ ಕೆಲಸ ಎಷ್ಟು ತಾವೇ ಮಾಡಿಕೊಳ್ಳುತ್ತಾರೆ ಅಂತ ಅಳೆಯುವ ಬಾರ್ತೆಲ್ ಇಂಡೆಕ್ಸ್‌ನ 100 ಅಂಕಗಳಲ್ಲಿ ಸ್ನಾನಕ್ಕೆ 5. ಹಂಡೆಯಿರುವ ಬಚ್ಚಲಿಗೆ ಮಳೆಯಲ್ಲಿ, ಪಾಚಿಗಟ್ಟಿದ ಕಲ್ಲಿನ ಮೇಲೆ ನಡೆದು ಹೋಗುವುದಕ್ಕೆ ಅದರಲ್ಲಿ ಬೇರೆ ಅಂಕವಿಲ್ಲ. ನಾನು ಫಾರ್ಮಿನ ಹಿಂದೆ ಪೆನ್ಸಿಲಿನಲ್ಲಿ ಆ ದಾರಿಯ ಚಿತ್ರ ಬರೆದುಕೊಳ್ಳುತ್ತೇನೆ. ರಾತ್ರಿಗಂತೂ ಮಂಚದ ಪಕ್ಕದಲ್ಲೇ ಕಮೋಡ್ ಕುರ್ಚಿ. ಆನೆ ಓಡಾಡುವ ಕಡೆ ಕತ್ತಲಲ್ಲಿ ಹೊರಗೆ ಹೋಗಿ ಅನ್ನುವ ಮಾತೇ ಇಲ್ಲ. ಕರೆಂಟ್ ಹೋದಾಗ ತಾನಾಗಿ ಉರಿಯುವ ಚಾರ್ಜ್ ಬಲ್ಬ್ ಒಂದನ್ನೂ ಹಾಕಿಸುತ್ತೇನೆ.

ರ‍್ಯಾಂಪ್ ವಿಷಯದಲ್ಲಿ ಮನೆಯವರಿಗೆ ಭಾರಿ ಉತ್ಸಾಹ. ಲೆಕ್ಕ 1:12, ಅಂದರೆ 15 ಸೆಂಟಿಮೀಟರ್‌ನ ಒಂದು ಮೆಟ್ಟಿಲಿಗೆ 1.8 ಮೀಟರ್ ಉದ್ದ. ಐದು ಮೆಟ್ಟಿಲಿಗೆ 9 ಮೀಟರ್, ನಡುವೆ ತಿರುಗಲು ಸಮತಟ್ಟು ಬೇಕಾದರೆ ಅದು ಬೇರೆ. ಗುಡ್ಡದ ಮನೆಯಲ್ಲಿ ಅಷ್ಟು ಜಾಗ ಎಲ್ಲಿದೆ? ಆದ್ದರಿಂದ ಮೊದಲು ಮನೆ ಸುತ್ತ ಒಂದು ಸುತ್ತು ಹಾಕುತ್ತೇನೆ. ಇಳಿಜಾರಿನಲ್ಲಿ ಕಟ್ಟಿದ ಮನೆಗೆ ಮುಂದೆ ಐದು ಮೆಟ್ಟಿಲಿದ್ದರೂ ಹಿಂದೆ ಅಡುಗೆಮನೆ ಬಾಗಿಲು ಕಾಫಿ ಕಣಕ್ಕೆ ಸಮವಾಗಿರುವುದು ಉಂಟು. "ಹಿಂಬಾಗಿಲಿಂದ ಬರೋದಾ?" ಅಂತ ಹಿರಿಯರು ಮುಖ ಸಿಂಡರಿಸುತ್ತಾರೆ. ಅವರದು ನ್ಯಾಯವೇ. ಆ ಮಾತು ಅಲ್ಲೇ ಕೂತು ಮುಗಿಸಬೇಕು, ಮೇಸ್ತ್ರಿ ಬಂದ ಮೇಲಲ್ಲ.

ಮೇಸ್ತ್ರಿಗೂ ಹೇಳಬೇಕಾದ್ದಿದೆ. ಹಳೆಯ ಮಣ್ಣಿನ ಗೋಡೆಗೆ ಸ್ಕ್ರೂ ನಿಲ್ಲುವುದಿಲ್ಲ. ಹಿಡಿದು ನಡೆಯುವ ಕಂಬಿಗೆ ಜಿಐ ಪೈಪನ್ನು (ಸತು ಲೇಪಿಸಿದ ಕಬ್ಬಿಣದ ಪೈಪು) ನೆಲಕ್ಕೇ ಕಾಂಕ್ರೀಟಿನಲ್ಲಿ ಹುಗಿಯಬೇಕು. ಅದೂ ಎರಡು ಬದಿಗೆ. ಎಡಗೈ ಮಾತ್ರ ಇರುವವರಿಗೆ ಹೋಗುವಾಗ ಎಡಕ್ಕಿದ್ದ ಕಂಬಿ ಬರುವಾಗ ಬಲಕ್ಕಾಗುತ್ತದೆ.

ತೋಟದ ಕಾರ್ಮಿಕರ ಲೈನ್ ಮನೆಗಳಲ್ಲಿ ಇದ್ಯಾವುದೂ ನಡೆಯದು. ಗೋಡೆ ಮುಟ್ಟಲು ಮಾಲೀಕರನ್ನು ಕೇಳಬೇಕು. ನಾಳೆ ಬೇರೆ ತೋಟಕ್ಕೆ ಹೋದರೆ ಹಾಕಿದ್ದು ಅಲ್ಲೇ ಉಳಿಯುತ್ತದೆ. ಅಲ್ಲಿ ಎತ್ತಿಕೊಂಡು ಹೋಗಬಹುದಾದ್ದನ್ನೇ ಕೊಡಿಸುತ್ತೇನೆ: ಕಮೋಡ್ ಕುರ್ಚಿ, ಸ್ನಾನದ ಸ್ಟೂಲು, ಉದ್ದ ಹಿಡಿಯ ಚೊಂಬು. ಕುಯ್ಲಿನ ದಿನಗಳಲ್ಲಿ ಹಗಲು ಹೋದರೆ ರೋಗಿಯೊಬ್ಬರೇ ಇರುತ್ತಾರೆ, ಕಲಿಸಬೇಕಾದವರು ತೋಟದಲ್ಲಿರುತ್ತಾರೆ. ಹಾಗಾಗಿ ರಜೆಯ ದಿನ, ಅವರು ಸಂತೆಗೆ ಹೊರಡುವ ಮೊದಲೇ ಹೋಗುತ್ತೇನೆ.