ಅಫಿಲಿಯೇಟ್ ಲಿಂಕ್‌ಗೆ ಜಾಹೀರಾತು ಕೊಡೋ ಮುಂಚೆ ಲೆಕ್ಕ ಹಾಕಿ

ಅಫಿಲಿಯೇಟ್ ಲಿಂಕ್ ಅಂದರೆ, ಅದರ ಮೂಲಕ ಯಾರಾದರೂ ಕೊಂಡರೆ ನಿಮಗೆ ಕಮಿಷನ್ ಸಿಗೋ ಲಿಂಕ್. ಒಂದು ಮಿಕ್ಸಿ ಮಾರಾಟಕ್ಕೆ 300 ರೂಪಾಯಿ ಕಮಿಷನ್ ಅಂದುಕೊಳ್ಳಿ. ನೂರು ಜನ ಕ್ಲಿಕ್ ಮಾಡಿ ಇಬ್ಬರು ಕೊಂಡರೆ ನಿಮ್ಮ ಕೈಗೆ ಬರೋದು 600, ಅಂದರೆ ಜಾಹೀರಾತಿನ ಖರ್ಚು ಕ್ಲಿಕ್‌ಗೆ 6 ರೂಪಾಯಿ ದಾಟಿದರೆ ನಷ್ಟ, ಜಾಹೀರಾತಿನ ಮೇಲಿನ 18% ಜಿಎಸ್‌ಟಿ ಸೇರಿಸಿದರೆ ಮಿತಿ 5 ರೂಪಾಯಿಗೇ ಇಳಿಯುತ್ತದೆ.

ಆಮೇಲೆ ನಿಯಮ ಓದಿ. ಅಮೆಜಾನ್ ಅಫಿಲಿಯೇಟ್ ಆದರೆ ಗೂಗಲ್ ಸರ್ಚ್ ಜಾಹೀರಾತಿನಿಂದ ನೇರವಾಗಿ ಅವರ ಸೈಟಿಗೆ ಜನರನ್ನು ಕಳಿಸುವಂತಿಲ್ಲ. ನಿಮ್ಮದೇ ಒಂದು ಪುಟ ಮಾಡಿ. ಅದರಲ್ಲಿ ದೋಸೆ ಹಿಟ್ಟು ರುಬ್ಬಿ ತೋರಿಸಿ, ಸದ್ದು ಎಷ್ಟು, ಜಾರ್ ಎಷ್ಟು ಬಿಸಿಯಾಗುತ್ತದೆ ಅಂತ ಬರೆಯಿರಿ. ಕಮಿಷನ್ ಸಿಗುತ್ತದೆ ಅನ್ನೋದನ್ನೂ ಮೇಲೆಯೇ ಹೇಳಿಬಿಡಿ, ಕೊಳ್ಳುವವರಿಗೆ ಅದು ಗೊತ್ತಿರಬೇಕು ಅಲ್ವಾ?

ಸುಮ್ನೆ "ಮಿಕ್ಸಿ" ಅಂತ ಕೀವರ್ಡ್ (ಜನ ಯಾವ ಪದ ಹುಡುಕಿದಾಗ ಜಾಹೀರಾತು ಕಾಣಬೇಕೋ ಆ ಪದ) ಹಾಕಬೇಡಿ. ರಿಪೇರಿ ಅಂಗಡಿ ಹುಡುಕುವವರೂ ಕ್ಲಿಕ್ ಮಾಡುತ್ತಾರೆ, ದುಡ್ಡು ಹೋಗೋದು ನಿಮ್ಮದು. "ರಿಪೇರಿ", "ಸೆಕೆಂಡ್ ಹ್ಯಾಂಡ್" ಎರಡನ್ನೂ, ಆ ಪದ ಹುಡುಕಿದವರಿಗೆ ಜಾಹೀರಾತು ಕಾಣದಂತೆ, ನೆಗೆಟಿವ್ ಕೀವರ್ಡ್‌ಗೆ ಸೇರಿಸಿ.